ಸಹಾಯ ಬೇಕು: ಕಿತ್ತಳೆ ಕೇಕ್‌ಗೆ ಹಣ್ಣಿನ ಘಮ ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕಿತ್ತಳೆ ಕೇಕ್ ಮಾಡುವವರು ದಯವಿಟ್ಟು ಸ್ವಲ್ಪ ದಾರಿ ತೋರಿಸಿ. ಕೇಕ್ ಚೆನ್ನಾಗಿ ಉಬ್ಬುತ್ತದೆ, ಮೆತ್ತಗೂ ಇರುತ್ತದೆ. ಆದರೆ ತಿಂದರೆ ಸಾದಾ ಕೇಕ್ ಅನ್ನಿಸುತ್ತದೆ.

ನನ್ನ ಅಳತೆ: ಮೈದಾ 200 ಗ್ರಾಂ, ಸಕ್ಕರೆ 180 ಗ್ರಾಂ, ಬೆಣ್ಣೆ 150 ಗ್ರಾಂ, ಮೊಟ್ಟೆ 3, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಆಗ ತಾನೇ ಹಿಂಡಿದ ರಸ 100 ಮಿಲಿ, ಒಂದು ಹಣ್ಣಿನ ಸಿಪ್ಪೆಯ ತುರಿ. ಓವನ್ 180 ಡಿಗ್ರಿ, ಸುಮಾರು 40 ನಿಮಿಷ.

ರಸ ಇನ್ನೂ ಜಾಸ್ತಿ ಮಾಡಿದರೆ ಹಿಟ್ಟು ತೆಳುವಾಗಿ ನಡುಭಾಗ ಹಸಿಯಾಗೇ ಉಳಿಯುತ್ತದೆ. ಹೇಗೂ ನಿಜವಾದ ಘಮ ಇರುವುದು ಸಿಪ್ಪೆಯ ಹೊರಪದರದ ಎಣ್ಣೆಯಲ್ಲಿ ಅಲ್ವಾ? ಒಳಗಿನ ಬಿಳಿ ಭಾಗ ಕಹಿ. ಅದಕ್ಕೇ ಮೇಲ್ಮೇಲೆ ಮಾತ್ರ ತುರಿಯುತ್ತೇನೆ. ಈ ಅಳತೆಗೆ ಎಷ್ಟು ಹಣ್ಣಿನ ತುರಿ ಹಾಕಬಹುದು? ತುರಿಯನ್ನು ಸಕ್ಕರೆ ಜೊತೆ ಬೆರಳಲ್ಲಿ ಉಜ್ಜಿಟ್ಟರೆ ಎಣ್ಣೆ ಸಕ್ಕರೆಗೆ ಇಳಿಯುತ್ತದೆ. ಹಾಗೆ ಮಾಡುವವರು ಎಷ್ಟು ಹೊತ್ತು ಬಿಡುತ್ತೀರಿ?

ರಸವನ್ನು ಕುದಿಸಿ ಅರ್ಧಕ್ಕೆ ಇಳಿಸಿ ಹಾಕಿದವರು ಯಾರಾದರೂ ಇದ್ದೀರಾ? ಆಗ ಹುಳಿ ಗಟ್ಟಿಯಾಗುತ್ತದೆ. ಚಿಟಿಕೆ ಸೋಡಾ ಸೇರಿಸಬೇಕೋ, ಬೇಕಿಂಗ್ ಪೌಡರ್ ಒಂದೇ ಸಾಕೋ? ಬಿಸಿ ಕೇಕ್ ಮೇಲೆ ಕಿತ್ತಳೆ ಪಾಕ ಸುರಿಯುವುದು ಗೊತ್ತು, ಆದರೆ ಮಕ್ಕಳಿಗೆ ಅಂಟಂಟಾಗಿದ್ದರೆ ಇಷ್ಟವಾಗುವುದಿಲ್ಲ. ಎಸೆನ್ಸ್ ಅಂತೂ ಬೇಡವೇ ಬೇಡ, ಹಣ್ಣಿನದೇ ರುಚಿ ಬರಬೇಕು.

ಸುಮ್ನೆ ಅಂದಾಜು ಹೇಳುವ ಬದಲು ನೀವು ಹಾಕುವ ಅಳತೆಯನ್ನೇ ಬರೆದರೆ ತುಂಬಾ ಉಪಕಾರವಾಗುತ್ತದೆ.