ಜೈಲಿನಿಂದ ಬಂದವರಿಗೆ ಕೆಲಸ ಕೊಡಬಾರದು ಅಂತ ನಿಯಮ ಮಾಡುವುದು ಸರಿಯಾ?

ತೂಬಿನಕೆರೆ ಮರಗೆಲಸ:

ಎಲ್ಲರಿಗೂ ನಮಸ್ಕಾರ. ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ ಬಾಗಿಲು, ಕಿಟಕಿ, ದಾರಂದ ಮಾಡುವ ಘಟಕ ನಮ್ಮದು. ಕೆಲಸಗಾರರು 14 ಜನ. ಜೈಲಿನಲ್ಲಿ ಮರಗೆಲಸ ಕಲಿತು ಬಂದಿರುವ 38 ವರ್ಷದವರೊಬ್ಬರು ಕೆಲಸ ಕೇಳಿದ್ದಾರೆ. ಗದ್ದೆ ಬದುವಿನ ಜಗಳದಲ್ಲಿ ಒಂದು ಜೀವ ಹೋಗಿ, ಐಪಿಸಿ (ಭಾರತೀಯ ದಂಡ ಸಂಹಿತೆ) 304 ಭಾಗ 2ರಲ್ಲಿ 7 ವರ್ಷ ಶಿಕ್ಷೆ ಆಗಿತ್ತಂತೆ. ಕೈಕೆಲಸ ಚೆನ್ನಾಗಿದೆ, ಕೂರು (ಮರದ ತುಂಡುಗಳನ್ನು ಕೂಡಿಸುವ ಜೋಡಣೆ) ಹೊಡೆಯುವುದು ನೋಡಿದರೆ ಗೊತ್ತಾಗುತ್ತದೆ.

ಸಮಸ್ಯೆ ಎರಡು. ಒಂದು, ಹಳೆಯ ಕೆಲಸಗಾರರಲ್ಲಿ ಮೂವರು “ಅವರು ಬಂದರೆ ನಾವು ಬರಲ್ಲ” ಅಂತಿದ್ದಾರೆ. ಎರಡು, ಸುತ್ತಮುತ್ತಲ ಘಟಕಗಳ ಮಾಲೀಕರೆಲ್ಲ ಸೇರಿ, ಕ್ರಿಮಿನಲ್ ರೆಕಾರ್ಡು ಇರುವ ಯಾರನ್ನೂ ತಗೋಬಾರದು ಅಂತ ನಿಯಮ ಮಾಡೋಣ ಅನ್ನುತ್ತಿದ್ದಾರೆ. ಮುಂದಿನ ವಾರ ಸಭೆ ಇದೆ. ನಿಯಮಕ್ಕೆ ಒಪ್ಪಬೇಕಾ? ಇವರನ್ನು ತಗೊಳ್ಳೋದಾದರೆ ಏನೇನು ನೋಡಬೇಕು? ಗೊತ್ತಿರುವವರು ದಯವಿಟ್ಟು ತಿಳಿಸಿ.

ವಕೀಲ, ಮಂಡ್ಯ:

ಆ ನಿಯಮಕ್ಕೆ ಒಪ್ಪಬೇಡಿ ಸಾರ್. ಕಾರಣ ಹೇಳ್ತೀನಿ.

“ರೆಕಾರ್ಡು” ಅನ್ನುವ ಒಂದೇ ಪದದೊಳಗೆ ನಾಲ್ಕೈದು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ಬರೀ ಎಫ್‌ಐಆರ್ ಆದವರು ಇದ್ದಾರೆ. ವಿಚಾರಣೆ ಮುಗಿಯುವ ಮುಂಚೆ ಒಳಗಿದ್ದು ಜಾಮೀನಿನಲ್ಲಿ ಬಂದವರು, ಖುಲಾಸೆ ಆದವರು, ಶಿಕ್ಷೆ ಪೂರ್ತಿ ಅನುಭವಿಸಿದವರು ಇದ್ದಾರೆ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ಕರಲ್ಲಿ ಮೂವರ ಮೇಲೆ ಆರೋಪ ಸಾಬೀತೇ ಆಗಿರಲಿಲ್ಲ. “ಜೈಲಿಗೆ ಹೋಗಿ ಬಂದವರು” ಅಂತ ನೀವು ಬರೆದರೆ ಮೊದಲು ಬಲಿಯಾಗುವುದು ಇವರು. ಚೆಕ್ ಬೌನ್ಸ್ ಕೇಸಿನವರೂ ಅದರೊಳಗೆ ಬರುತ್ತಾರೆ. ಕಾವೇರಿ ಹೋರಾಟದಲ್ಲಿ ರಸ್ತೆ ತಡೆದು ಕೇಸು ಹಾಕಿಸಿಕೊಂಡವರೂ ಬರುತ್ತಾರೆ, ಮಂಡ್ಯದಲ್ಲಿ ಕೂತು ಇದನ್ನು ಮರೆಯಬಾರದು.

ರೌಡಿ ಪಟ್ಟಿಯನ್ನೂ ಇದಕ್ಕೆ ಬೆರೆಸಬೇಡಿ. ಅದು ಠಾಣೆಯಲ್ಲಿ ಪೊಲೀಸರು ಇಡುವ ದಾಖಲೆ, ಕೋರ್ಟಿನ ತೀರ್ಪಲ್ಲ. ಖುಲಾಸೆಯಾದ ಮೇಲೂ ಹೆಸರು ಅದರಲ್ಲಿ ಉಳಿದಿರಬಹುದು. ಚುನಾವಣೆ, ಗಣೇಶನ ಹಬ್ಬ, ದಸರಾ ಹತ್ತಿರ ಬಂದಾಗ ಅಂಥವರನ್ನು ಪರೇಡಿಗೆ ಕರೆಯುತ್ತಾರೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಅವತ್ತು ಕೆಲಸಕ್ಕೆ ಬರಲಿಲ್ಲ ಅಂದರೆ ಮತ್ತೆ ಏನೋ ಮಾಡಿಕೊಂಡಿದ್ದಾರೆ ಅಂತ ಅರ್ಥವಲ್ಲ.

ಕಾನೂನೇ ಕಳಂಕ ತೆಗೆದುಹಾಕುವ ಸಂದರ್ಭಗಳೂ ಇವೆ. 1958ರ ಪ್ರೊಬೇಷನ್ ಕಾಯ್ದೆಯ 3 ಅಥವಾ 4ನೇ ಸೆಕ್ಷನ್ ಪ್ರಕಾರ, ಜೈಲಿಗೆ ಹಾಕದೆ ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಟ್ಟುಕಳಿಸಿದವರಿಗೆ, ಅಪರಾಧ ಸಾಬೀತಾದ್ದರಿಂದ ಬರುವ ಅನರ್ಹತೆ ತಟ್ಟುವುದಿಲ್ಲ ಅಂತ 12ನೇ ಸೆಕ್ಷನ್ ಹೇಳುತ್ತದೆ. 18 ವರ್ಷದೊಳಗೆ ಮಾಡಿದ ತಪ್ಪಿಗೆ 2015ರ ಬಾಲ ನ್ಯಾಯ ಕಾಯ್ದೆಯಲ್ಲೂ ಇಂಥದ್ದೇ ರಕ್ಷಣೆ ಇದೆ. 16 ದಾಟಿದ್ದು, ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆ ಆದವರಿಗೆ ಮಾತ್ರ ಅದು ಸಿಗುವುದಿಲ್ಲ.

ಈಗ ನಿಮ್ಮ ವಿಷಯ. ಬಾಯಿಮಾತು ಸಾಲದು, ತೀರ್ಪಿನ ಪ್ರತಿ ಕೇಳಿ. ಅದರಲ್ಲಿ ಸೆಕ್ಷನ್ ಸಂಖ್ಯೆ, ಘಟನೆ ನಡೆದ ದಿನ, ಶಿಕ್ಷೆಯ ಅವಧಿ ನೋಡಿ. ದಂಡ ಕಟ್ಟಿದ್ದಾರಾ, ಅದರ ಬದಲಿಗೆ ಇನ್ನಷ್ಟು ಜೈಲು ಅನುಭವಿಸಿದ್ದಾರಾ ಅನ್ನುವುದನ್ನೂ ಕೇಳಿಕೊಳ್ಳಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆದರೆ ಹಳೆಯ ತೀರ್ಪಿನಲ್ಲಿ ಐಪಿಸಿ ಸಂಖ್ಯೆಯೇ ಇರುತ್ತದೆ. 408 ಅಂದರೆ ಕೆಲಸಕ್ಕಿದ್ದ ಕಡೆ ನಂಬಿಕೆದ್ರೋಹ, 420 ಮೋಸ, 379 ಕಳವು. ನಿಮ್ಮವರದು 304 ಭಾಗ 2. ಕೊಲ್ಲುವ ಉದ್ದೇಶ ಇರಲಿಲ್ಲ, ಆದರೆ ಸಾವು ಆಗಬಹುದು ಅನ್ನುವ ಅರಿವಿತ್ತು ಅಂತ ಕೋರ್ಟು ನಂಬಿದೆ ಅಂತ ಅರ್ಥ. ಹಣದ ವಿಷಯದಲ್ಲಿ ಅವರು ಹೇಗೆ ಅಂತ ಆ ತೀರ್ಪಿನಿಂದ ತಿಳಿಯುವುದಿಲ್ಲ.

ಕೋರ್ಟು ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಹುಡುಕಿ ತೀರ್ಮಾನಕ್ಕೆ ಬರಬೇಡಿ. ಮಂಜುನಾಥ, ಕುಮಾರ ಅಂತ ಹಾಕಿದರೆ ಸಾಲುಗಟ್ಟಲೆ ಬರುತ್ತವೆ. ಪ್ರತಿ ಕೇಸಿಗೂ ಬೇರೆಯಾಗಿ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಅವರಿಂದಲೇ ಪಡೆದು ಹಾಕಿ, ತಂದೆ ಹೆಸರು, ಊರು ತಾಳೆ ನೋಡಿ.

ಎಚ್‌ಆರ್, ಹೂಟಗಳ್ಳಿ:

ವಕೀಲರು ಹೇಳಿದ್ದಕ್ಕೆ ಸೇರಿಸುವುದು ಇದು: ಇಂಥವರ ಕೆಲಸ ಕೈತಪ್ಪುವುದು ಬಹುಪಾಲು ಕಳ್ಳತನದಿಂದಲೋ ಹೊಡೆದಾಟದಿಂದಲೋ ಅಲ್ಲ. ಮೊದಲ ಎರಡು ತಿಂಗಳ ಕಾಗದಪತ್ರ, ಕೈಯಲ್ಲಿ ಕಾಸಿಲ್ಲದಿರುವುದು, ವಾಯಿದೆ ದಿನಗಳು, ಈ ಮೂರರಿಂದ.

ಕಾಗದದ ಕಥೆ ಹೀಗೆ. 90 ದಿನ ಬಳಸದಿದ್ದರೆ ಸಿಮ್ ರದ್ದಾಗಬಹುದು, ಆಮೇಲೆ ಆ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಡುತ್ತಾರೆ. 7 ವರ್ಷ ಒಳಗಿದ್ದವರ ಆಧಾರ್‌ಗೆ ಜೋಡಿಸಿದ ನಂಬರು ಈಗ ಯಾರ ಜೇಬಿನಲ್ಲಿದೆಯೋ. ಓಟಿಪಿ ಅಲ್ಲಿಗೆ ಹೋಗುತ್ತದೆ. ಓಟಿಪಿ ಇಲ್ಲದೆ ಆನ್‌ಲೈನ್ ಕೆಲಸ ಯಾವುದೂ ಮುಂದಕ್ಕೆ ಹೋಗುವುದಿಲ್ಲ. ಎರಡು ವರ್ಷ ವಹಿವಾಟು ನಡೆಯದ ಬ್ಯಾಂಕ್ ಖಾತೆಯೂ ನಿಷ್ಕ್ರಿಯ. ಇದೆಲ್ಲ ಗೊತ್ತಿಲ್ಲದ ಲೆಕ್ಕಪತ್ರದವರು “ದಾಖಲೆ ಸರಿ ಇಲ್ಲ” ಅಂತ ವಾಪಸ್ ಕಳಿಸಿಬಿಡುತ್ತಾರೆ. ಮನುಷ್ಯ ಮತ್ತೆ ಬರುವುದಿಲ್ಲ.

ಆದ್ದರಿಂದ ಮೊದಲು ಹೊಸ ಸಿಮ್, ಆಮೇಲೆ ಆಧಾರ್ ಕೇಂದ್ರಕ್ಕೆ ಹೋಗಿ ನಂಬರು ಬದಲಾವಣೆ, ಕೊನೆಗೆ ಬ್ಯಾಂಕಿಗೆ ಕೆವೈಸಿ. ಈ ಕ್ರಮ ತಪ್ಪಿದರೆ ಅಲೆದಾಟ ಎರಡರಷ್ಟು. ಎರಡು ಅರ್ಧ ದಿನ ಸಂಬಳ ಸಹಿತ ರಜೆ ಕೊಟ್ಟು ಕಳಿಸಿ. ನಿಮ್ಮಲ್ಲಿ 14 ಜನ ಇರುವುದರಿಂದ ಕಾರ್ಮಿಕರ ವಿಮೆಯಾದ ಇಎಸ್‌ಐ ಅನ್ವಯಿಸುತ್ತದೆ (10 ಜನರಿಂದ ಶುರು, ಸಂಬಳದ ಮಿತಿ ₹21,000), ಪಿಎಫ್ ಕಡ್ಡಾಯವಾಗುವುದು 20 ಜನ ಆದಮೇಲೆ. ಇಎಸ್‌ಐ ನೋಂದಣಿ ತಡ ಮಾಡಬೇಡಿ, ಗರಗಸದ ಹತ್ತಿರ ಕೆಲಸ ಮಾಡುವವರು.

ಹಣದ ವಿಷಯ. ತಿಂಗಳ ಸಂಬಳ ಅಂದರೆ ಮೊದಲ 30 ದಿನ ಕೈಯಲ್ಲಿ ಬಸ್ ಚಾರ್ಜೂ ಇರುವುದಿಲ್ಲ. ಮೊದಲ 8 ವಾರ ಶನಿವಾರದ ಬಟವಾಡೆ ಇಡಿ. ದೊಡ್ಡ ಮುಂಗಡ ಕೊಡಬೇಡಿ. ಒಂದು ವಾರದ ಕೂಲಿಗಿಂತ ಜಾಸ್ತಿ ಮುಂಗಡ ಕೊಟ್ಟರೆ ಅವರಿಗೆ ಸಾಲದ ಭಾರ, ನಿಮಗೆ ಅನುಮಾನದ ಭಾರ.

ವಾಯಿದೆ ಬಗ್ಗೆ: ಶಿಕ್ಷೆ ಮುಗಿದಿದ್ದರೂ ಅದೇ ಜಗಳದ ಸಿವಿಲ್ ದಾವೆ, ಎದುರು ಕೇಸು ಇನ್ನೂ ನಡೆಯುತ್ತಿರಬಹುದು. ಬದುವಿನ ಜಗಳದಲ್ಲಿ ಎರಡೂ ಕಡೆ ಕೇಸು ಇರುವುದು ಸಾಮಾನ್ಯ. ದಿನಾಂಕ ಮೊದಲೇ ಹೇಳಲಿ, ಆ ದಿನ ರಜೆ ಅಂತ ಬರೆದುಕೊಳ್ಳಿ. ಮುಚ್ಚಿಟ್ಟು ಗೈರಾದರೆ ಮಾತ್ರ ಪ್ರಶ್ನೆ ಮಾಡಿ.

ಇನ್ನೊಂದು ಮಾತು, ಕೇಳುವ ಕ್ರಮದ ಬಗ್ಗೆ. ಅಮೆರಿಕದ ಹವಾಯಿ ರಾಜ್ಯ 1998ರಲ್ಲೇ ಖಾಸಗಿ ಮಾಲೀಕರಿಗೂ ಅನ್ವಯಿಸುವ ಕಾನೂನು ತಂತು: ಕೆಲಸ ಕೊಡುತ್ತೇವೆ ಅಂತ ಷರತ್ತಿನ ಮೇಲೆ ಒಪ್ಪಿದ ನಂತರವಷ್ಟೇ ಶಿಕ್ಷೆಯ ಬಗ್ಗೆ ಕೇಳಬೇಕು. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದರೆ ಆ ಕ್ರಮ ಪಾಲಿಸಲು ಯಾರ ಅಡ್ಡಿಯೂ ಇಲ್ಲ. ಮೊದಲು ಒಂದು ದಾರಂದ ಮಾಡಿಸಿ ನೋಡಿ, ಆಮೇಲೆ ತೀರ್ಪು ಓದಿ. ಮೊದಲೇ ತೀರ್ಪು ಓದಿದರೆ ಕೂರು ಎಷ್ಟು ಬಿಗಿಯಾಗಿ ಕೂತರೂ ಕಣ್ಣಿಗೆ ಬೀಳುವುದಿಲ್ಲ.

ವಿಮೆ ಸಲಹೆಗಾರ, ಮೈಸೂರು:

ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆ ಇದೆ, ಆದರೆ ಪೂರ್ತಿ ಅಲ್ಲ. ಕೆಲವು ಕೆಲಸಗಳಿಗೆ ತಗೋಬಾರದು ಅಂತಲೇ ಇದೆ, ಅದನ್ನೂ ಸಭೆಯಲ್ಲಿ ಹೇಳಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ, ಶಿಕ್ಷೆಯಾದವರನ್ನು ಸೆಕ್ಯುರಿಟಿ ಗಾರ್ಡ್ ಆಗಿ ಏಜೆನ್ಸಿ ಇಟ್ಟುಕೊಳ್ಳುವಂತಿಲ್ಲ. 2020ರ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ನಿಯಮಗಳ ಪ್ರಕಾರ ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿಗಳು ಗುತ್ತಿಗೆ ನೌಕರರನ್ನೂ ಸೇರಿಸಿ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ ಆಗಾಗ ಮಾಡಿಸಬೇಕು. ಮಕ್ಕಳ ಮೇಲಿನ ಅಪರಾಧದಲ್ಲಿ ಶಿಕ್ಷೆಯಾದವರನ್ನು ಶಾಲೆಯ ಬೆಂಚು ರಿಪೇರಿಗೂ ಕಳಿಸಬೇಡಿ. ಅಲ್ಲಿ ಕರುಣೆಯ ಪ್ರಶ್ನೆ ಬರುವುದಿಲ್ಲ.

ನೌಕರರ ಅಪ್ರಾಮಾಣಿಕತೆಯಿಂದ ಆಗುವ ನಷ್ಟಕ್ಕೆ ನೀವು ಫಿಡೆಲಿಟಿ ಗ್ಯಾರಂಟಿ ಪಾಲಿಸಿ ಮಾಡಿಸಿದ್ದರೆ ಅದರ ಪ್ರಪೋಸಲ್ ಫಾರಂ ಹೊರತೆಗೆದು ಓದಿ. ನೌಕರರ ಹಿನ್ನೆಲೆ ವಿಚಾರಿಸಿದ್ದೀರಾ ಅಂತ ಪ್ರಶ್ನೆ ಇದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಗೊತ್ತಿದ್ದೂ ಬರೆಯದಿದ್ದರೆ ಕ್ಲೇಮು ತಿರಸ್ಕರಿಸಲು ಕಂಪನಿಗೆ ಅದೊಂದೇ ಸಾಕು, ಹಣ ಎತ್ತಿದವರು ಬೇರೆಯವರೇ ಆಗಿದ್ದರೂ ತಕರಾರು ತೆಗೆಯುತ್ತಾರೆ.

ಗಿರಾಕಿಗಳ ಮನೆಗೆ ಬಾಗಿಲು ಕೂರಿಸಲು ಹೋಗುವ ಕೆಲಸ ಮೊದಲ ಆರು ತಿಂಗಳು ಬೇಡ. ಆಮೇಲೂ ಇಬ್ಬಿಬ್ಬರಾಗಿ ಹೋಗಲಿ. ಈ ಪದ್ಧತಿ ಹೊಸದಾಗಿ ಸೇರುವ ಎಲ್ಲರಿಗೂ ಒಂದೇ ಆಗಿರಲಿ, ಇವರೊಬ್ಬರಿಗೇ ಆದರೆ ಎಲ್ಲರ ಮುಂದೆ ಬೆರಳು ತೋರಿಸಿದ ಹಾಗೆ.

ವರ್ಕ್‌ಶಾಪ್ ಮೇಸ್ತ್ರಿ:

ಆ ಮೂವರ ಜೊತೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿ ಸಾರ್, ಮೂವರನ್ನೂ ಒಟ್ಟಿಗೆ ಬೇಡ. ಭಯ ಯಾವುದು ಅಂತ ಕೇಳಿ. ಮರಗೆಲಸದಲ್ಲಿ ಉಳಿ, ಬಾಚಿ ಎಲ್ಲ ಕೈಗೆಟುಕುವಂತೆ ಬಿದ್ದಿರುತ್ತವೆ, ಆ ಭಯವೇ ಇರಬಹುದು. ಅದಕ್ಕೆ ಉಪಾಯ ಸುಲಭ. ಒಂದು ಪ್ಲೈವುಡ್ ಹಲಗೆ ಗೋಡೆಗೆ ಹೊಡೆದು, ಪ್ರತಿ ಉಳಿ, ಬಾಚಿ, ಸುತ್ತಿಗೆಯ ಆಕಾರವನ್ನು ಅದರ ಜಾಗದಲ್ಲಿ ಕೆಂಪು ಬಣ್ಣದಲ್ಲಿ ಬಿಡಿಸಿ. ಪ್ರತಿಯೊಬ್ಬರಿಗೂ ನಂಬರ್ ಹೊಡೆದ ನಾಲ್ಕು ತಗಡಿನ ಬಿಲ್ಲೆ. ಉಳಿ ತೆಗೆದರೆ ಅದರ ಮೊಳೆಗೆ ಬಿಲ್ಲೆ ನೇತುಹಾಕಬೇಕು. ಸಂಜೆ ಹಲಗೆಯಲ್ಲಿ ಕೆಂಪು ಕಂಡರೆ ಏನು ಕಮ್ಮಿ, ಯಾರ ಹತ್ತಿರ ಅಂತ ಬಾಗಿಲಲ್ಲೇ ಗೊತ್ತಾಗುತ್ತದೆ. ಉಳಿ ಕಳೆದುಹೋಗುವುದೂ ನಿಲ್ಲುತ್ತದೆ.

ಇದಕ್ಕಿಂತ ಮುಖ್ಯವಾದದ್ದು: ಆ ಮೂವರಲ್ಲಿ ಯಾರಾದರೂ ಸತ್ತವರ ಕಡೆಯವರಾ, ಅದೇ ಊರಿನವರಾ ವಿಚಾರಿಸಿ. ಹಾಗಿದ್ದರೆ ಅದು ಹೆದರಿಕೆಯಲ್ಲ, ನೋವು. ಒಂದೇ ಛಾವಣಿಯಡಿ ಇಬ್ಬರನ್ನೂ ಇಡಬೇಡಿ. ಕೆಲಸ ಕೇಳಿ ಬಂದವರನ್ನು ಬೇರೆ ಘಟಕಕ್ಕೆ ಹೇಳಿ ಸೇರಿಸಿಕೊಡಿ, ಮಾಲೀಕರ ಸಭೆ ಇಂಥದ್ದಕ್ಕೆ ಉಪಯೋಗ ಆಗಲಿ. ಅವರು ಬರುವ ಬಸ್ಸು ಆ ಊರಿನ ಮೇಲೆ ಬರುತ್ತದಾ ಅನ್ನುವುದನ್ನೂ ಕೇಳಿಕೊಳ್ಳಿ. ದಾರಿಯಲ್ಲಿ ಅಡ್ಡಗಟ್ಟಿ ಮತ್ತೆ ಜಗಳ ಆದರೆ ಎರಡೂ ಮನೆ ಹಾಳು.

ತೂಬಿನಕೆರೆ ಮರಗೆಲಸ:

ಎಲ್ಲರಿಗೂ ತುಂಬಾ ಧನ್ಯವಾದ. ಮೂವರಲ್ಲಿ ಯಾರೂ ಸತ್ತವರ ಕಡೆಯವರಲ್ಲ, ಇವರ ಊರಿನವರೂ ಅಲ್ಲ. ಹಲಗೆ, ಬಿಲ್ಲೆ ಈ ವಾರವೇ ಮಾಡಿಸುತ್ತೇನೆ. ಸಭೆಯಲ್ಲಿ “ಯಾರನ್ನೂ ತಗೋಬಾರದು” ಅನ್ನುವ ಬದಲು “ಅಪರಾಧಕ್ಕೂ ಕೊಡುವ ಕೆಲಸಕ್ಕೂ ಸಂಬಂಧ ಇದ್ದರೆ ಮಾತ್ರ ಬೇಡ” ಅಂತ ತಿದ್ದುಪಡಿ ಕೇಳುತ್ತೇನೆ. ಒಂದು ಪ್ರಶ್ನೆ ಉಳಿಯಿತು. ತೀರ್ಪಿನ ಪ್ರತಿ ಕಳೆದುಹೋಗಿದೆ ಅನ್ನುತ್ತಿದ್ದಾರೆ. ಎಲ್ಲಿ ಸಿಗುತ್ತದೆ?

ವಕೀಲ, ಮಂಡ್ಯ:

ಶಿಕ್ಷೆಯಾದವರಿಗೆ ತೀರ್ಪಿನ ಒಂದು ಪ್ರತಿ ಆಗಲೇ ಉಚಿತವಾಗಿ ಕೊಟ್ಟಿರುತ್ತಾರೆ, ಮನೆಯವರ ಬಳಿಯೋ ಹಳೆಯ ವಕೀಲರ ಬಳಿಯೋ ಇರಬಹುದು, ಮೊದಲು ಅಲ್ಲಿ ಕೇಳಲಿ. ಇಲ್ಲದಿದ್ದರೆ ಶಿಕ್ಷೆ ಕೊಟ್ಟ ಕೋರ್ಟಿನ ನಕಲು ವಿಭಾಗದಲ್ಲಿ ಕೇಸ್ ನಂಬರು ಬರೆದು ಅರ್ಜಿ ಹಾಕಿದರೆ ದೃಢೀಕೃತ ನಕಲು ಸಿಗುತ್ತದೆ. ಅರ್ಜಿ ಅವರ ಹೆಸರಿನಲ್ಲೇ ಇರಲಿ. ಬಂದ ಪ್ರತಿ ನಿಮ್ಮ ಬೀಗದ ಡ್ರಾಯರಿನಲ್ಲಿ ಇರಲಿ, ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ.

ಜೊತೆಗೆ ಜೈಲಿನಿಂದ ಕೊಟ್ಟ ಬಿಡುಗಡೆ ಪತ್ರವನ್ನೂ ನೋಡಿ. ಶಿಕ್ಷೆ ಮುಗಿದು ಬಂದಿದ್ದಾರಾ, ಹೈಕೋರ್ಟ್ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿದೆಯಾ ಅನ್ನುವುದು ಅದರಲ್ಲಿ ತಿಳಿಯುತ್ತದೆ. ಎರಡನೆಯದಾದರೆ ಬೆಂಗಳೂರಿನಲ್ಲಿ ಅಪೀಲು ಇನ್ನೂ ಬಾಕಿ ಇದೆ, ವಜಾ ಆದರೆ ಉಳಿದ ಶಿಕ್ಷೆಗೆ ಅವರು ವಾಪಸ್ ಹೋಗಬೇಕಾಗುತ್ತದೆ. ಹಾಗಿದ್ದರೂ ಕೆಲಸ ಕೊಡಬಹುದು. ದೊಡ್ಡ ಆರ್ಡರನ್ನು ಅವರೊಬ್ಬರ ಕೈಗೇ ಒಪ್ಪಿಸದೆ, ಪಕ್ಕದಲ್ಲಿ ಇನ್ನೊಬ್ಬರನ್ನು ತಯಾರು ಮಾಡಿಟ್ಟುಕೊಳ್ಳಿ.