ಸಹಾಯ ಬೇಕು: ಕೊಂಬೆ ಸವರಲು ಉದ್ದ ಕೋಲಿನ ಗರಗಸ

ಎಲ್ಲರಿಗೂ ನಮಸ್ಕಾರ. ಪುಣೆಯ ಕೋಥರೂಡ್‌ನಲ್ಲಿ ನಮ್ಮ ಅಂಗಳದ ಮಾವಿನ ಮರದ ಎರಡು ಕೊಂಬೆಗಳು ಮಹಡಿಯ ಕಿಟಕಿಗೆ ಒರಗಿವೆ. ಗಾಳಿ ಬೀಸಿದಾಗಲೆಲ್ಲ ಗಾಜು ಕೆರೆಯುವ ಸದ್ದು. ಮುಂಗೈಯಷ್ಟು ದಪ್ಪ, ನೆಲದಿಂದ 14 ಅಡಿ ಎತ್ತರ. ಪಾಲಿಕೆಯ ಅನುಮತಿಗೆ ಅರ್ಜಿ ಕೊಟ್ಟಿದ್ದೇನೆ.

ಅಪ್ಪ ಈ ವಯಸ್ಸಿನಲ್ಲೂ ಏಣಿ ಹತ್ತಲು ಹೊರಟಿದ್ದಾರೆ. ಅದಕ್ಕೆ ನಾನು ಸುತರಾಂ ಒಪ್ಪುವುದಿಲ್ಲ. ನೆಲದ ಮೇಲೆ ನಿಂತೇ ಕೊಯ್ಯುವಂಥ ಗರಗಸ ಬೇಕು. ಬ್ಯಾಟರಿಯದು ಬೇಗ ಕೊಯ್ಯುತ್ತದೆ, ಆದರೆ ಕೋಲು ಪೂರ್ತಿ ಚಾಚಿದಾಗ ತುದಿಯ ಭಾರಕ್ಕೆ ತೋಳು ಸೋಲುವುದಿಲ್ಲವೇ? ಬಾಗಿದ ಅಲಗಿನ ಕೈಗರಗಸವೇ ಸಾಕೇ? ಅಲ್ಯೂಮಿನಿಯಂ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಮರದ ಆಚೆ ಬದಿಗೆ ತಂತಿ ಇರುವುದರಿಂದ ಅದು ಬೇಡವೇ ಬೇಡ.

ಬಳಸಿದವರು ದಯವಿಟ್ಟು ತಿಳಿಸಿ. ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಫೈಬರ್ ಕೋಲಿನದು ಸಿಗುತ್ತದೆಯೇ? ಕೈಯಲ್ಲಿ ಎತ್ತಿ ನೋಡಿಯೇ ಕೊಳ್ಳಬೇಕೆಂದಿದ್ದೇನೆ.