ಕಿಸೆಗೆ ಸಣ್ಣ ಶಾಯಿ ಪೆನ್ನು ಬೇಕಾಗಿತ್ತು: ನಿಮ್ಮ ಪ್ರಶ್ನೆ, ಪೆನ್ನು ರಿಪೇರಿಯವರ ಉತ್ತರ

(ಈ ವಾರ ಉತ್ತರ ಕೊಡುವವರು ಧಾರವಾಡದಲ್ಲಿ ಇಪ್ಪತ್ತಾರು ವರ್ಷಗಳಿಂದ ಶಾಯಿ ಪೆನ್ನು ಮಾರುತ್ತ, ರಿಪೇರಿ ಮಾಡುತ್ತ ಬಂದಿರುವ ನಮ್ಮ ಗುಂಪಿನ ಸದಸ್ಯರು.)

ಪ್ರಶ್ನೆ, ಬ್ಯಾಡಗಿಯಿಂದ: ನಮಸ್ಕಾರ ರೀ. ಮೆಣಸಿನಕಾಯಿ ಪೇಟ್ಯಾಗ ದಲಾಲಿ ಅಂಗಡಿ ಲೆಕ್ಕ ಬರೀತೀನಿ. ದಿನಾ ಚೀಲದ ಮ್ಯಾಲೆ ಬಗ್ಗಿ ತೂಕ ಬರಕೋಬೇಕು. ಉದ್ದನ್ನ ಪೆನ್ನು ಅಂಗಿ ಕಿಸೆದಾಗಿಂದ ಜಾರಿ ಎರಡು ಸಲ ಬಿದ್ದು ನಿಬ್ಬು ಸೊಟ್ಟಾತು. ಸಣ್ಣದೊಂದು ತೊಗೋಬೇಕಂತ ಮಾಡೀನಿ. ಆದ್ರ ನನ್ನ ಬೆರಳು ದಪ್ಪ, ಸಣ್ಣ ಪೆನ್ನು ಹಿಡದ್ರ ಕೈ ನೋಯತೈತೇನೋ ಅಂತ ಅಂಜಿಕಿ. ಎರಡು ಸಾವಿರದ ಆಜುಬಾಜು ಯಾವುದು ಬರತೈತಿ?

ಉತ್ತರ: ಸಣ್ಣ ಪೆನ್ನು ಕಿಸೆಯಲ್ಲಿ ಸಣ್ಣದಿರಬೇಕು ರೀ, ಕೈಗೆ ಬಂದಾಗ ದೊಡ್ಡದಾಗಬೇಕು. ಅಂಗಡಿಗೆ ಬಂದವರು ಟೊಪ್ಪಿಗೆ ಹಾಕಿದ ಪೆನ್ನನ್ನು ಅಂಗೈಯಲ್ಲಿಟ್ಟುಕೊಂಡು, ಬೆರಳುದ್ದ ಐತಲ್ಲ ಅಂತ ಖುಷಿಪಟ್ಟು ಹಣ ತೆಗೆಯುತ್ತಾರೆ. ನಾನು ತಡೆದು, ಟೊಪ್ಪಿಗೆ ಬಿಚ್ಚಿಸಿ ಹಿಂದಿನ ತುದಿಗೆ ಸಿಕ್ಕಿಸಿ ಹಿಡಿಯಲು ಹೇಳುತ್ತೇನೆ. ಬರೆಯುವಾಗ ಹಿಡಿದಂತೆ ಹಿಡಿದರೆ ಪೆನ್ನಿನ ಬಾಲ ಹೆಬ್ಬೆರಳು, ತೋರುಬೆರಳಿನ ನಡುವಿನ ಸಂದಿಯನ್ನು ದಾಟಿ ಎರಡು ಬೆರಳಗಲ ಹಿಂದಕ್ಕೆ ಹೋಗಬೇಕು. ಸಂದಿಗೆ ಒರಗದ ಪೆನ್ನನ್ನು ಬೆರಳ ತುದಿಗಳೇ ಬಿಗಿಹಿಡಿದು ನಿಲ್ಲಿಸಬೇಕಾಗುತ್ತದೆ. ನಿಮ್ಮ ಅಂಜಿಕೆ ಬರುವುದೂ ಅಲ್ಲಿಂದಲೇ. ಹತ್ತು ಸಾಲು ಬರೆಯುವುದರೊಳಗೆ ಹೆಬ್ಬೆರಳ ಬುಡ ನೋಯುತ್ತದೆ.

ನಿಮ್ಮ ಬಜೆಟ್ಟಿನ ಆಸುಪಾಸು ಬರುವುದು ಜರ್ಮನಿಯ ಕವೆಕೊ ಸ್ಪೋರ್ಟ್, ಪ್ಲಾಸ್ಟಿಕ್ಕಿನದು. ಮುಚ್ಚಿದಾಗ ಹತ್ತೂವರೆ ಸೆಂಟಿಮೀಟರ್, ಟೊಪ್ಪಿಗೆ ಹಿಂದೆ ಸಿಕ್ಕಿಸಿದರೆ ಹದಿಮೂರು ದಾಟುತ್ತದೆ. ಅಂದರೆ ಬರೆಯುವಾಗ ಮಾಮೂಲಿ ಪೆನ್ನಿನಷ್ಟೇ ಉದ್ದ. ಟೊಪ್ಪಿಗೆ ಎಂಟು ಮೂಲೆಯದು, ಇಳಿಜಾರಿನ ಮೇಜಿನ ಮೇಲೂ ಉರುಳುವುದಿಲ್ಲ. ಜಪಾನಿನವರು 1960-70ರ ದಶಕಗಳಲ್ಲಿ ಇದೇ ಲೆಕ್ಕಾಚಾರವನ್ನು ಇನ್ನೂ ಮುಂದೆ ಒಯ್ದರು. ಗಿಡ್ಡ ಒಡಲಿಗೆ ಅದಕ್ಕೆ ಹೊಂದದಷ್ಟು ಉದ್ದದ ಟೊಪ್ಪಿಗೆ ಮಾಡಿದರು. ಪೈಲಟ್ ಕಂಪನಿ 1968ರಲ್ಲಿ ತಂದ ಎಲೀಟ್ ಆ ಜಾತಿಯದು. ಅದರ ಇಂದಿನ ರೂಪ ಇ95ಎಸ್‌ಗೆ 14 ಕ್ಯಾರೆಟ್ ಬಂಗಾರದ ನಿಬ್ಬಿದೆ. ಬರೆದರೆ ಬಿಡಲು ಮನಸ್ಸಾಗುವುದಿಲ್ಲ, ಆದರೆ ನಿಮ್ಮ ಬಜೆಟ್ಟಿಗೆ ಬಹಳ ದೂರ.

ಎಲೀಟ್‌ನ ಟೊಪ್ಪಿಗೆ ಎಳೆದರೆ ಬರುತ್ತದೆ, ಕವೆಕೊದ್ದು ತಿರುವಿನದು. ಪೇಟೆಯ ಗಡಿಬಿಡಿಯಲ್ಲಿ ಪ್ರತಿ ಸಲ ತಿರುಗಿಸಿ ಬಿಚ್ಚುವುದು ಮೊದಮೊದಲು ಬೇಸರ ಅನಿಸೀತು. ಆದರೂ ನಿಮಗೆ ತಿರುವಿನದೇ ಸರಿ. ಬಗ್ಗಿದಾಗ ಟೊಪ್ಪಿಗೆ ಕಿಸೆಯಲ್ಲೇ ಉಳಿದು ಪೆನ್ನು ಮಾತ್ರ ನೆಲಕ್ಕೆ ಬೀಳುವ ಸಂಕಟ ಇರುವುದಿಲ್ಲ. ಒಂದು ಮಾತು ಮರೀಬ್ಯಾಡ್ರಿ: ಈ ಪೆನ್ನಿಗೆ ಸಾಮಾನ್ಯವಾಗಿ ಕ್ಲಿಪ್ ಇರುವುದಿಲ್ಲ, ಬೇರೆ ಕೊಳ್ಳಬೇಕು. ಬಗ್ಗಿ ದುಡಿಯುವವರು ಕ್ಲಿಪ್ ಇಲ್ಲದೆ ಮನೆಗೆ ಒಯ್ಯಲೇಬೇಡಿ.

ನಿಬ್ಬು ಫೈನ್ ಇರಲಿ, ಅಂದರೆ ತೆಳು ಗೆರೆ ಎಳೆಯುವುದು. ನಮ್ಮ ಲಿಪಿಯ ಹೊಟ್ಟೆಯೆಲ್ಲ ಗುಂಡಗೆ. ದಪ್ಪ ನಿಬ್ಬಿನಲ್ಲಿ ಸಣ್ಣಗೆ ಬರೆದರೆ 'ಥ'ದೊಳಗಿನ ಚುಕ್ಕೆ ಶಾಯಿಯಲ್ಲಿ ಮುಳುಗಿಹೋಗುತ್ತದೆ, 'ಷ' ಯಾವುದು 'ಪ' ಯಾವುದು ತಿಳಿಯುವುದಿಲ್ಲ. ಲೆಕ್ಕದ ರಜಿಸ್ಟರಿನ ಕಾಗದ ಶಾಯಿ ಹೀರಿ ಗೆರೆಯನ್ನು ಇನ್ನಷ್ಟು ಹರಡುತ್ತದೆ. ಪೆನ್ನು ಪರೀಕ್ಷೆ ಮಾಡುವಾಗ ಎಲ್ಲರೂ 'ಶ್ರೀ' ಬರೆದು ಸಾಕು ಎನ್ನುತ್ತಾರೆ. ನೀವು 'ರಾಷ್ಟ್ರ' ಬರೆಯಿರಿ, 'ಹುಬ್ಬಳ್ಳಿ' ಬರೆಯಿರಿ. ಅದೂ ಅವರ ನುಣುಪು ಕಾಗದದ ಮೇಲಲ್ಲ, ನಿಮ್ಮ ಲೆಕ್ಕದ ವಹಿಯ ಒಂದು ಹಾಳೆ ಒಯ್ದು ಅದರ ಮೇಲೆ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಆ ನಿಬ್ಬು ನಿಮ್ಮದು. ಜಪಾನಿನ ಫೈನ್ ಯುರೋಪಿನ ಫೈನ್‌ಗಿಂತ ಇನ್ನೂ ತೆಳುವು, ಆ ಪೆನ್ನು ಕೊಳ್ಳುವವರು ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ, ಗದಗದಿಂದ: ಹೈಸ್ಕೂಲ್ ಶಿಕ್ಷಕಿ. ನೀವು ಹೇಳಿದ ಪ್ಲಾಸ್ಟಿಕ್ ಕವೆಕೊ ಪೆನ್ನನ್ನೇ ಹೋದ ವರ್ಷ ತರಿಸಿದೆ. ಅದರ ಜೊತೆ ಬಂದ ಶಾಯಿ ಕೊಳವೆ ನಾಲ್ಕು ದಿನಕ್ಕೆ ಮುಗಿಯಿತು. ಇಲ್ಲಿ ಯಾವ ಅಂಗಡಿಯಲ್ಲೂ ಅದು ಸಿಗುತ್ತಿಲ್ಲ. ಬಾಟಲಿಯಿಂದ ಶಾಯಿ ಎಳೆದುಕೊಳ್ಳುವ ಮಾಮೂಲಿ ಕನ್ವರ್ಟರ್ ಹಾಕಿದರೆ ಒಡಲು ಮುಚ್ಚುವುದೇ ಇಲ್ಲ. ಪೆನ್ನು ಡ್ರಾವರಿನಲ್ಲಿ ಬಿದ್ದಿದೆ.

ಉತ್ತರ: ಇವತ್ತೇ ಹೊರಗೆ ತೆಗೀರಿ, ಅಮ್ಮಾ. ಗಿಡ್ಡ ಪೆನ್ನುಗಳಲ್ಲಿ ಜಾಗವೇ ಸಮಸ್ಯೆ. ಆ ಸಣ್ಣ ಕೊಳವೆಗೆ ಮುಕ್ಕಾಲು ಮಿಲಿಲೀಟರ್ ಚಿಲ್ಲರೆ ಶಾಯಿ ಹಿಡಿಯುತ್ತದೆ, ಅಷ್ಟೇ. ಖಾಲಿ ಕೊಳವೆ ಎಸೆದಿಲ್ಲವಾದರೆ ಔಷಧದ ಅಂಗಡಿಯಿಂದ ಒಂದು ಸಿರಿಂಜು ತಂದು, ಅದರಿಂದ ಬಾಟಲಿ ಶಾಯಿ ತುಂಬಿ. ಕ್ಯಾಮಲ್ ಆದರೂ ನಡೆಯುತ್ತದೆ, ಸುಲೇಖಾ ಆದರೂ ನಡೆಯುತ್ತದೆ. ಬಾಯಿ ಸಡಿಲಾಗುವ ತನಕ ಒಂದೇ ಕೊಳವೆ ಬಹಳ ಸಲ ಬಾಳುತ್ತದೆ.

ಇನ್ನೊಂದು ದಾರಿ, ನಮ್ಮ ಹಳೆಯ ಪೆನ್ನುಗಳ ದಾರಿ: ಕೊಳವೆಯ ಹಂಗೇ ಬೇಡ, ಒಡಲಿಗೇ ಶಾಯಿ ಸುರಿಯುವುದು. ನಿಮ್ಮದು ಪ್ಲಾಸ್ಟಿಕ್ ಒಡಲು, ಒಳಗೆ ಲೋಹ ಇಲ್ಲ, ಆದ್ದರಿಂದ ಮಾಡಬಹುದು. ಕುತ್ತಿಗೆಯ ತಿರುವುಗಳಿಗೆ ಸಿಲಿಕೋನ್ ಗ್ರೀಸನ್ನು ಉಗುರಿನ ತುದಿಯಷ್ಟು ತೆಗೆದುಕೊಂಡು ತೆಳುವಾಗಿ ಸವರಿ. ಡ್ರಾಪರಿನಿಂದ ತಿರುವು ಶುರುವಾಗುವಲ್ಲಿಗೆ ಕೊಂಚ ಕೆಳಗಿನ ತನಕ ತುಂಬಿ, ಬಿಗಿಯಾಗಿ ತಿರುಗಿಸಿ. ಕೊಳವೆಯ ಎರಡು ಪಟ್ಟಿಗಿಂತ ಹೆಚ್ಚು ಶಾಯಿ ಹಿಡಿಯುತ್ತದೆ, ಪತ್ರಿಕೆ ತಿದ್ದುವ ದಿನಗಳಲ್ಲಿ ಅದು ಕೈಬಿಡುವುದಿಲ್ಲ.

ಹೀಗೆ ತುಂಬಿದ ಪೆನ್ನಿನ ಒಂದು ಗುಣ ಮಾತ್ರ ತಿಳಿದಿರಲಿ. ಶಾಯಿ ಕಡಿಮೆಯಾದಷ್ಟೂ ಒಳಗೆ ಗಾಳಿ ಹೆಚ್ಚುತ್ತದೆ. ಕೈಯ ಕಾವಿಗೆ ಆ ಗಾಳಿ ಉಬ್ಬಿ ಶಾಯಿಯನ್ನು ನಿಬ್ಬಿನ ಕಡೆ ನೂಕುತ್ತದೆ. ಒಂದು ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಪ್ಯಾಂಟಿನ ಕಿಸೆಯಲ್ಲಿ ಅಡ್ಡಾದಿಡ್ಡಿ ಮಲಗಿತ್ತು ಪೆನ್ನು, ಒಳಗೆ ಕಾಲು ಭಾಗ ಶಾಯಿ. ಅಣ್ಣಿಗೇರಿ ದಾಟಿದ ಮೇಲೆ ಏನೋ ಬರೆಯೋಣವೆಂದು ಟೊಪ್ಪಿಗೆ ಬಿಚ್ಚಿದೆ. ನಿಬ್ಬಿನ ತುದಿಯಲ್ಲಿ ನೇರಳೆ ಹಣ್ಣಿನಂಥ ಒಂದು ಹನಿ ತೂಗುತ್ತಿತ್ತು. ನೋಡನೋಡುತ್ತಲೇ ಪುಸ್ತಕದ ಮೇಲೆ ಬಿತ್ತು, ಎರಡು ದಿನದ ಗಿರಾಕಿಗಳ ಲೆಕ್ಕ ಅದರಡಿ ಹೋಯಿತು. ಅಂದಿನಿಂದ ಮೂರನೇ ಒಂದು ಭಾಗಕ್ಕಿಳಿದ ಕೂಡಲೇ ತುಂಬಿಸಿಬಿಡುತ್ತೇನೆ. ಕಿಸೆಯಲ್ಲಿ ನಿಬ್ಬು ಮೇಲ್ಮುಖವಾಗಿಯೇ ಇರುತ್ತದೆ. ಬಿಸಿಲಿಗೆ ನಿಲ್ಲಿಸುವ ಗಾಡಿಯ ಡಿಕ್ಕಿಯಲ್ಲಿ ಪೆನ್ನು ಇಡುವುದಿಲ್ಲ.

ಪ್ರಶ್ನೆ, ಹುಬ್ಬಳ್ಳಿಯಿಂದ: ವಕೀಲಿ ಶುರು ಮಾಡಿ ಎರಡು ವರ್ಷ, ವಾರಕ್ಕೆ ಮೂರು ದಿನ ಧಾರವಾಡ ಹೈಕೋರ್ಟ್ ಪೀಠಕ್ಕೆ ಓಡಾಟ. ಕವೆಕೊದ ಹಿತ್ತಾಳೆಯ ಗಿಡ್ಡ ಪೆನ್ನು ನೋಡಿದೆ, ಮನಸ್ಸಿಗೆ ಬಂತು. ಮಳೆಗಾಲದಲ್ಲಿ ಅಕ್ಷರ ಅಳಿಯದ ಶಾಯಿಯೂ ಬೇಕು.

ಉತ್ತರ: ಹಿತ್ತಾಳೆಯದು ಪ್ಲಾಸ್ಟಿಕ್ಕಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಭಾರ. ಸಹಿಗೆ ಅಡ್ಡಿಯಿಲ್ಲ. ವಾದ ನಡೆಯುವಾಗ ಪುಟಗಟ್ಟಲೆ ಬರೆದುಕೊಳ್ಳಲು ನಾನಂತೂ ಹೇಳುವುದಿಲ್ಲ, ಟೊಪ್ಪಿಗೆ ಹಿಂದೆ ಸಿಕ್ಕಿಸಿದ ಮೇಲೆ ಬಾಲ ಜಗ್ಗುತ್ತದೆ. ಮತ್ತೆ ಹಿತ್ತಾಳೆ, ಅಲ್ಯೂಮಿನಿಯಂ ಒಡಲಿಗೆ ನೇರವಾಗಿ ಶಾಯಿ ಸುರಿಯಬಾರದು, ಲೋಹ ತಿನ್ನುತ್ತದೆ. ಹಗುರವೂ ಗಟ್ಟಿಯೂ ಬೇಕೆಂದರೆ ಎಬೊನೈಟ್ ನೋಡಿ. ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರು ಅದು, ಕೈಯ ಕಾವನ್ನು ಬೇಗ ಒಳಗೆ ಬಿಡುವುದಿಲ್ಲ. ಆಂಧ್ರದ ರಾಜಮಹೇಂದ್ರವರಂನಲ್ಲಿ 1930ರ ದಶಕದ ಸ್ವದೇಶಿ ಕಾಲದಿಂದ ಎಬೊನೈಟ್ ಪೆನ್ನನ್ನು ಕೈಯಿಂದ ಕಡೆಯುತ್ತಾರೆ. ಕೈಯಿಂದ ಮಾಡುವವರಿಗೆ ಗಿಡ್ಡ ಅಳತೆ ಹೇಳಿ ಮಾಡಿಸಿಕೊಳ್ಳಬಹುದು. ಆದರೆ ಟೊಪ್ಪಿಗೆ ಹಿಂದೆ ಗಟ್ಟಿಯಾಗಿ ಕೂರಬೇಕೆಂದು ಬಾಯಿಬಿಟ್ಟು ಹೇಳಿ. ಇಂಥ ಪೆನ್ನುಗಳಲ್ಲಿ ಎಷ್ಟೋ ಸಲ ಟೊಪ್ಪಿಗೆ ಕೂರುವುದೇ ಇಲ್ಲ, ಆಗ ಗಿಡ್ಡ ಪೆನ್ನು ಗಿಡ್ಡವಾಗಿಯೇ ಉಳಿಯುತ್ತದೆ.

ಶಾಯಿ: ಮಾಮೂಲಿ ರಾಯಲ್ ಬ್ಲೂ ಧಾರವಾಡದ ಜುಲೈ ಜಿಟಿಜಿಟಿಗೆ ತಡೆಯುವುದಿಲ್ಲ. ಐರನ್ ಗಾಲ್ ಶಾಯಿಯಲ್ಲಿ ಕಬ್ಬಿಣದ ಅಂಶವಿದೆ. ಬರೆದ ಮೇಲೆ ಗಾಳಿಗೆ ಕಪ್ಪಾಗುತ್ತ ಕಾಗದದ ಎಳೆಯಲ್ಲಿ ಕೂತುಬಿಡುತ್ತದೆ. ಬಣ್ಣದ ನುಣ್ಣನೆಯ ಕಣಗಳಿರುವ ಪಿಗ್ಮೆಂಟ್ ಶಾಯಿಯೂ ನೀರಿಗೆ ಜಗ್ಗುವುದಿಲ್ಲ. ಎರಡನ್ನೂ ದಿನಾ ಬರೆಯುವವರು ಮಾತ್ರ ಹಾಕಬೇಕು. ಕೋರ್ಟಿನ ಬೇಸಿಗೆ ರಜೆಗೆ ಮುಂಚೆ ಪೆನ್ನು ತೊಳೆದಿಡಿ, ಇಲ್ಲದಿದ್ದರೆ ಶಾಯಿ ನಿಬ್ಬಿನಡಿಯ ನಾಲಿಗೆಯ ಸಂದಿನಲ್ಲಿ ಒಣಗಿ ಪೆನ್ನು ನನ್ನ ಮೇಜಿಗೆ ಬರುತ್ತದೆ.

ಪ್ರಶ್ನೆ, ಧಾರವಾಡದಿಂದ: ಅಜ್ಜಿಯ ಪೆಟ್ಟಿಗೆಯಲ್ಲಿ ಬೆರಳುದ್ದದ ಕರಿ ಪೆನ್ನು ಸಿಕ್ಕಿತು. ಟೊಪ್ಪಿಗೆಯ ತಲೆಯಲ್ಲಿ ಒಂದು ಉಂಗುರ, ಪಕ್ಕದಲ್ಲಿ ಸಣ್ಣ ಸನ್ನೆ. ಬಿಸಿನೀರಿನಲ್ಲಿ ನೆನೆಹಾಕಲೇ?

ಉತ್ತರ: ದಯಮಾಡಿ ಬೇಡ. ಸರಪಳಿಗೆ ಕಟ್ಟಿ ಕೊರಳಲ್ಲಿ ಹಾಕಿಕೊಳ್ಳಲು ಆ ಉಂಗುರ. ಹೆಚ್ಚಾಗಿ ಕಿಸೆಯಿಲ್ಲದ ಉಡುಪಿನ ಹೆಣ್ಣುಮಕ್ಕಳಿಗೆಂದು ಮಾಡುತ್ತಿದ್ದ ಪೆನ್ನು ಅದು. ಕರಿಯದ್ದು ಬಹುಶಃ ಎಬೊನೈಟ್, ಬಿಸಿನೀರು ತಾಗಿದರೆ ಕಂದುಬಣ್ಣಕ್ಕೆ ತಿರುಗುತ್ತದೆ, ಮತ್ತೆ ಕರಿ ಆಗುವುದು ಕಷ್ಟ. ಸನ್ನೆಯನ್ನೂ ಎತ್ತಬೇಡಿ. ಒಳಗಿನ ರಬ್ಬರ್ ಚೀಲ ಇಷ್ಟು ವರ್ಷಕ್ಕೆ ಹಪ್ಪಳದಂತಾಗಿರುತ್ತದೆ, ಒತ್ತಿದರೆ ಪುಡಿಯಾಗಿ ಸನ್ನೆಯೇ ಸೊಟ್ಟಾಗುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ ಹಾಗೇ ತೊಗೊಂಡು ಬರ್ರಿ. ಚೀಲ ಬದಲಿಸಿದರೆ ಬರೆಯುತ್ತದೆ.

ಮತ್ತೆ ಬ್ಯಾಡಗಿಯಿಂದ: ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ ರೀ. ಟೊಪ್ಪಿಗಿ ಹಿಂದ ಸಿಗಿಸಿ ಹಿಡದೆ, ಸಂದಿ ದಾಟಿ ಎರಡು ಬೆರಳು ಹಿಂದಕ್ಕ ಹೋತು, ಕೈಯಾಗ ಛಲೋ ಕೂತೈತಿ. ಆದ್ರ ಮೀಡಿಯಂ ನಿಬ್ಬಿಂದಷ್ಟ ಐತಿ, ಫೈನ್ ಬರಾಕ ವಾರ ಬೇಕಂತ. ಮೀಡಿಯಂ ತೊಗೊಂಡುಬಿಡ್ಲ್ಯಾ?

ಉತ್ತರ: ವಾರ ಕಾಯ್ರಿ. ಅಷ್ಟರೊಳಗೆ ಕ್ಲಿಪ್ಪಿಗೂ ಹೇಳಿಟ್ಟಿರಿ.